ಕೆಸರು ಕಾಪಾಡಿದ ಲೋಹ

ಲೋಹವೆಂದೊಡನೆ ನಮ್ಮ ಮನಸ್ಸಿಗೆ ಭಾರವಾದ, ಗಡುಸಾದ ವಸ್ತುವೊಂದು ತೋರುತ್ತದೆ. ಕಬ್ಬಿಣವಾಗಲಿ, ತಾಮ್ರವಾಗಲಿ, ಸೀಸವಾಗಲಿ ನೀರಿಗೆ ಬಿದ್ದರೆ ತಳ ಸೇರುವಂಥವೇ. ಆದರೆ ತನ್ನಷ್ಟೇ ಗಾತ್ರದ ನೀರಿನ ಅರ್ಧದಷ್ಟು ಮಾತ್ರ ತೂಗುವ, ಚಾಕುವಿನಿಂದ ಕೊಯ್ಯಬಹುದಾದಷ್ಟು ಮೆತ್ತಗಿರುವ ಲೋಹವೂ ಒಂದುಂಟು. ಅದೇ ಲಿಥಿಯಂ. 1817ರಲ್ಲಿ ಸ್ವೀಡನ್ ದೇಶದ ಯೋಹಾನ್ ಆಗಸ್ಟ್ ಆರ್ಫ್‌ವೆಡ್‌ಸನ್ ಎಂಬ ತರುಣನು ತನ್ನ ಗುರು ಬರ್ಜೀಲಿಯಸ್ಸನ ಪ್ರಯೋಗಶಾಲೆಯಲ್ಲಿ ಪೆಟಲೈಟ್ ಎಂಬ ಖನಿಜವನ್ನು ಪರೀಕ್ಷಿಸುತ್ತಿದ್ದಾಗ ಇದರ ಇರವನ್ನು ಕಂಡುಹಿಡಿದನು. ಇದರ ಬಂಧುಗಳಾದ ಸೋಡಿಯಂ, ಪೊಟ್ಯಾಸಿಯಂಗಳ ಲವಣಗಳು ಗಿಡಗಳ ಬೂದಿಯಿಂದ ಜನಕ್ಕೆ ಪರಿಚಿತವಾಗಿದ್ದವು; ಇದಾದರೋ ಕಲ್ಲಿನಲ್ಲಿ ದೊರೆಯಿತು. ಆದಕಾರಣ ಗ್ರೀಕ್ ಭಾಷೆಯಲ್ಲಿ ಕಲ್ಲೆಂಬ ಅರ್ಥವುಳ್ಳ 'ಲಿಥೋಸ್' ಶಬ್ದದಿಂದ ಇದಕ್ಕೆ ನಾಮಕರಣವಾಯಿತು.

ಕಲ್ಲಿನ ಹೆಸರನ್ನು ಹೊತ್ತ ಈ ಲೋಹವನ್ನು ಇಂದು ಲೋಕವು ಮೂರು ಮನೆಗಳಲ್ಲಿ ಹುಡುಕುತ್ತಿದೆ: ಕಲ್ಲಿನಲ್ಲಿ, ಉಪ್ಪುನೀರಿನಲ್ಲಿ, ಜೇಡಿಮಣ್ಣಿನಲ್ಲಿ. ಇವುಗಳಲ್ಲಿ ಕೊನೆಯ ಎರಡು ಮನೆಗಳು ಎಷ್ಟೋ ವೇಳೆ ಒಂದೇ ಮರುಭೂಮಿಯ ತಗ್ಗಿನಲ್ಲಿ ಅಕ್ಕಪಕ್ಕದಲ್ಲಿಯೇ ಇರುತ್ತವೆ. ಹಾಗಿದ್ದರೂ ಕೆಲವು ತಗ್ಗುಗಳಲ್ಲಿ ಲಿಥಿಯಂ ಕೆಸರಿನಲ್ಲಿ ತುಂಬಿದ್ದು ನೀರಿನಲ್ಲಿ ಕಾಣುವುದಿಲ್ಲ. ಇದು ಏಕೆ ಹೀಗೆ ಎಂಬುದನ್ನು ವಿಚಾರಿಸುವುದೇ ಈ ಬರಹದ ಉದ್ದೇಶ.

ಈ ವಿಚಾರ ನಮ್ಮನ್ನು ಹಿಡಿದದ್ದು ಒಂದು ಇ-ರಿಕ್ಷಾದಿಂದ. ನಾವು ದೆಹಲಿಯ ಪೂರ್ವಕ್ಕೆ, ಯಮುನೆಯ ಆಚೆಯ ದಡದಲ್ಲಿರುವ ಮಯೂರ್ ವಿಹಾರದ ನಿವಾಸಿಗಳು. ಮೆಟ್ರೋ ನಿಲ್ದಾಣದಲ್ಲಿ ಇಳಿದು ಮನೆ ಸೇರಲು ನಮಗೆ ಇ-ರಿಕ್ಷಾವೇ ವಾಹನ. ಪರಿಚಿತ ಚಾಲಕನೊಬ್ಬನು ಒಂದು ಸಂಜೆ ಸೀಟನ್ನು ಎತ್ತಿ ನಮಗೆ ತೋರಿಸಿದನು. ಮೊದಲು ಅಲ್ಲಿ ಸೀಸದ ನಾಲ್ಕು ಬ್ಯಾಟರಿಗಳಿದ್ದವು. ಅವನ್ನು ಎತ್ತಿಳಿಸುವಾಗ ಸೊಂಟ ಹಿಡಿಯುತ್ತಿತ್ತು. ಈಗ ಅವುಗಳ ಜಾಗದಲ್ಲಿ ಲಿಥಿಯಂ ಬ್ಯಾಟರಿಯ ಒಂದೇ ಪೆಟ್ಟಿಗೆ ಕುಳಿತಿತ್ತು. "ಇದು ಹಗುರ ಸಾಹೇಬರೇ, ಬೇಗನೆ ಚಾರ್ಜ್ ಆಗುತ್ತದೆ, ಬೆಲೆಯೊಂದೇ ಭಾರ" ಎಂದು ಅವನು ನಕ್ಕನು.

ಭಾನುವಾರಗಳಲ್ಲಿ ನಮ್ಮಲ್ಲಿಗೆ ಕನ್ನಡ ಓದಲು ಬರುವ ಮಕ್ಕಳು ಅಂದು ನಮ್ಮ ಜೊತೆಯಲ್ಲಿದ್ದರು. ಅವರಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಮನೆಯವರೆಗೂ ಸುಮ್ಮನಿದ್ದು, ಬಾಗಿಲಲ್ಲಿ ಕೇಳಿದಳು: "ಮಾಮ, ಲಿಥಿಯಂ ಸೋಡಿಯಮ್ಮಿನ ಕುಲದ್ದೇ ಅಲ್ಲವೇ? ಸೋಡಿಯಮ್ಮಿನ ಉಪ್ಪು ನೀರಿನಲ್ಲಿ ಕರಗುತ್ತದೆ, ಲಿಥಿಯಮ್ಮಿನದೂ ಕರಗುತ್ತದೆ. ಹಾಗಾದರೆ ಉಪ್ಪಿನ ಸರೋವರವಿದ್ದಲ್ಲೆಲ್ಲ ನೀರಿನಲ್ಲಿಯೇ ಲಿಥಿಯಂ ಸಿಗಬೇಕಲ್ಲ?"

ಅವಳ ತರ್ಕದಲ್ಲಿ ದೋಷವಿರಲಿಲ್ಲ. ನಮ್ಮ ದೇಶದ ಶೋಧಕರೂ ಆ ದಾರಿಯನ್ನು ಬಿಟ್ಟವರಲ್ಲ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಸಂಸತ್ತಿಗೆ ಕೊಟ್ಟ ಉತ್ತರವೊಂದರಲ್ಲಿ, ಪರಮಾಣು ಖನಿಜ ನಿರ್ದೇಶನಾಲಯವು ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದ ಶಿಲೆಗಳಲ್ಲಿ ಸುಮಾರು 1,600 ಟನ್ ಲಿಥಿಯಂ ಇರಬಹುದೆಂದು ಅಂದಾಜು ಮಾಡಿರುವುದಾಗಿ ತಿಳಿಸಿತು. ಅದೇ ಉತ್ತರದಲ್ಲಿ ಶೋಧನೆಗೆ ಯೋಗ್ಯವಾದ ಇತರ ಸ್ಥಳಗಳ ಪಟ್ಟಿಯೂ ಇದ್ದಿತು. ರಾಜಸ್ಥಾನದ ಸಾಂಭರ ಮತ್ತು ಪಚಪದ್ರಾ ಸರೋವರಗಳ ಉಪ್ಪುನೀರು, ಗುಜರಾತಿನ ಕಚ್ಛದ ರಣದ ಉಪ್ಪುನೀರು ಆ ಪಟ್ಟಿಯಲ್ಲಿದ್ದವು. ಮಂಡ್ಯದ ಹೆಸರು ಕೇಳಿ ನಮ್ಮ ಬೀದಿಯ ಕನ್ನಡಿಗರು ಹಿಗ್ಗಿದ್ದು ಸಹಜವೇ. ಆದರೆ ಹುಡುಗಿಯ ಪ್ರಶ್ನೆ ಮಂಡ್ಯದ ಕಲ್ಲಿಗೆ ಸಂಬಂಧಿಸಿದುದಲ್ಲ, ಸಾಂಭರದಂಥ ನೀರಿಗೆ ಸಂಬಂಧಿಸಿದುದು.

ಮೊದಲು ನೀರಿನ ಪಕ್ಷವನ್ನು ಕೇಳೋಣ. ನಮ್ಮ ಉತ್ತರ ಕನ್ನಡದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳನ್ನು ನೋಡಿದವರು ಬಲ್ಲರು: ಸಮುದ್ರದ ನೀರನ್ನು ಮಡಿಗಳಿಗೆ ಹಾಯಿಸಿ ಬಿಸಿಲಿಗೆ ಬಿಟ್ಟರೆ ಊಟದ ಉಪ್ಪು ಹರಳುಗಟ್ಟುತ್ತದೆ, ಉಳಿಯುವುದು ನಾಲಿಗೆಗೆ ಕಹಿಯಾದ ನೀರು. ಸುಲಭವಾಗಿ ಹರಳುಗಟ್ಟದ ಲವಣಗಳೆಲ್ಲ ಆ ಕಹಿನೀರಿನಲ್ಲಿ ಕೂಡಿರುತ್ತವೆ. ಲಿಥಿಯಮ್ಮಿನ ಲವಣವು ಇವುಗಳಲ್ಲಿ ಬಹು ಹಠಮಾರಿ. ಕಟ್ಟಕಡೆಯವರೆಗೂ ನೀರನ್ನು ಬಿಡಲೊಲ್ಲದು. ದಕ್ಷಿಣ ಅಮೆರಿಕದ ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ನಡೆಯುವ ಕೆಲಸವೂ ಇದೇ. ಅಲ್ಲಿನ ಉಪ್ಪಿನ ಬಯಲಿನ ಕೆಳಗಿರುವ ನೀರನ್ನು ಮೇಲೆತ್ತಿ, ವಿಶಾಲವಾದ ಕಟ್ಟೆಗಳಲ್ಲಿ ಒಂದು ವರ್ಷಕ್ಕೂ ಮೀರಿ ಬಿಸಿಲಿಗೆ ಬಿಟ್ಟು, ಉಳಿದ ಕಹಿನೀರಿನಿಂದ ಲಿಥಿಯಮ್ಮನ್ನು ಪಡೆಯುತ್ತಾರೆ. ಆ ನೀರಿನ ಪ್ರತಿ ಲೀಟರಿನಲ್ಲಿಯೂ ಒಂದು ಗ್ರಾಮಿಗೆ ಮೀರಿದ ಲಿಥಿಯಂ ಇರುವುದುಂಟು. ಇದೆಲ್ಲವೂ ಹುಡುಗಿಯ ತರ್ಕಕ್ಕೆ ಅನುಕೂಲವಾಗಿಯೇ ಇದೆ.

ಆದರೆ ಜಗತ್ತಿನ ಅತಿ ದೊಡ್ಡ ಉಪ್ಪುನೀರಿನ ಬೋಗುಣಿಯಾದ ಸಮುದ್ರವು ಈ ತರ್ಕಕ್ಕೆ ವಿರುದ್ಧವಾಗಿ ಸಾಕ್ಷಿ ಹೇಳುತ್ತದೆ. ಭೂಮಿಯ ಮೇಲ್ಪದರದ ಶಿಲೆಗಳಲ್ಲಿ ಸೋಡಿಯಂ ಲಿಥಿಯಮ್ಮಿಗಿಂತ ಸುಮಾರು ಸಾವಿರ ಪಟ್ಟು ಹೆಚ್ಚಾಗಿದೆ. ಎರಡೂ ಸಮನಾಗಿ ಕರಗಿ ಕಡಲು ಸೇರಿ ಅಲ್ಲಿಯೇ ಉಳಿದಿದ್ದರೆ ಕಡಲಿನಲ್ಲಿಯೂ ಸರಿಸುಮಾರು ಇದೇ ಪ್ರಮಾಣವಿರಬೇಕಾಗಿತ್ತು. ನಿಜವಾಗಿ ಒಂದು ಲೀಟರ್ ಕಡಲ ನೀರಿನಲ್ಲಿ ಹತ್ತು ಗ್ರಾಮಿಗೆ ಮೀರಿ ಸೋಡಿಯಂ ಇದ್ದರೆ, ಲಿಥಿಯಂ ಕೇವಲ 0.17 ಮಿಲಿಗ್ರಾಂ ಇದೆ. ಲೆಕ್ಕ ಹಾಕಿ ನೋಡಿದರೆ ಇದು ಅರವತ್ತು ಸಾವಿರಕ್ಕೆ ಒಂದಾಗುತ್ತದೆ. ಅಂದರೆ ಕಡಲಿಗೆ ಬಂದ ಲಿಥಿಯಮ್ಮಿನಲ್ಲಿ ಬಹುಪಾಲನ್ನು ಯಾರೋ ದಾರಿಯಲ್ಲಿಯೂ ತಳದಲ್ಲಿಯೂ ನೀರಿನಿಂದ ಕಸಿದುಕೊಂಡಿದ್ದಾರೆ. ಸೋಡಿಯಮ್ಮನ್ನು ಅವರು ಅಷ್ಟಾಗಿ ಮುಟ್ಟಿಲ್ಲ. ಈ ಕೆಲಸ ಮಾಡಿದವರು ಯಾರು?

ಇದಕ್ಕೆ ಉತ್ತರವನ್ನು ನಾವು ನಮ್ಮ ನದಿಯ ದಡದಲ್ಲಿಯೇ ಹುಡುಕಬಹುದು. 2023ರ ಜುಲೈ 13ರಂದು ಯಮುನೆಯು ದೆಹಲಿಯ ಹಳೆಯ ರೈಲ್ವೆ ಸೇತುವೆಯ ಬಳಿ 208.66 ಮೀಟರ್ ಮಟ್ಟಕ್ಕೆ ಏರಿದಳು. 1978ರ 207.49 ಮೀಟರಿನ ದಾಖಲೆಯನ್ನು ಈ ಪ್ರವಾಹ ಮುರಿಯಿತು. ಚಿಲ್ಲಾ ಖಾದರದ ತಗ್ಗಿನಲ್ಲಿ ತರಕಾರಿ ಬೆಳೆಯುತ್ತಿದ್ದ ಕುಟುಂಬಗಳು ಮನೆ ಮಠ ಬಿಟ್ಟು ನಮ್ಮ ಮಯೂರ್ ವಿಹಾರದ ರಸ್ತೆಯಂಚಿನ ಡೇರೆಗಳಲ್ಲಿ ಆಶ್ರಯ ಪಡೆದವು. ನಾವು ಕೆಲವರು ಅವರಿಗೆ ಅನ್ನ, ಬಟ್ಟೆ ತಲಪಿಸಲು ಹೋಗಿ ಬರುತ್ತಿದ್ದೆವು. ನೀರು ಇಳಿದ ಮೇಲೆ ಅವರ ಹಿಂದೆ ಹೊಲಗಳಿಗೂ ಹೋದೆವು. ಬದನೆಯ ಸಾಲುಗಳು ಕಾಣಿಸಲಿಲ್ಲ. ಎಲ್ಲವನ್ನೂ ಬೂದುಬಣ್ಣದ ಹೂಳು ಮುಚ್ಚಿತ್ತು. ಒಣಗಿ ಬಿರುಕುಬಿಟ್ಟ ಆ ಹೂಳಿನಲ್ಲಿ ಬಿಸಿಲು ಬಿದ್ದಾಗ ಸಣ್ಣ ಸಣ್ಣ ಚಕ್ಕೆಗಳು ಮಿನುಗುತ್ತಿದ್ದವು. ಮಕ್ಕಳು ಬೆಳ್ಳಿಯೋ ಎಂದು ಬೆರಳಿಗೆ ಹಚ್ಚಿಕೊಂಡರು. ಅದು ನಮ್ಮವರು ಕಾಗೆಬಂಗಾರವೆಂದು ಕರೆಯುವ ಅಭ್ರಕ. ಹಿಮಾಲಯದ ಶಿಲೆಗಳು ಸವೆದು ನದಿಯ ಜೊತೆ ಇಳಿದು ಬಂದುದು.

ಈ ಕಾಗೆಬಂಗಾರದಲ್ಲಿಯೂ, ಹೂಳಿನ ನವುರಾದ ಜೇಡಿಯಲ್ಲಿಯೂ ಅತ್ಯಲ್ಪ ಪ್ರಮಾಣದಲ್ಲಿ ಲಿಥಿಯಂ ಇರುತ್ತದೆ. ನದಿಗಳು ಸಾಗಿಸುವ ಲಿಥಿಯಮ್ಮಿನಲ್ಲಿ ಹೆಚ್ಚಿನ ಪಾಲು ನೀರಿನಲ್ಲಿ ಕರಗಿ ಬರುವುದಿಲ್ಲ. ಇಂಥ ಕಣಗಳೊಳಗೆ ಕುಳಿತು ಬರುತ್ತದೆ. ಕರಗಿದ ಪಾಲಿಗೂ ಪೂರ್ತಿ ಬಿಡುಗಡೆಯಿಲ್ಲ. ಹೊಸದಾಗಿ ಹುಟ್ಟುವ ಜೇಡಿಯು ಅದನ್ನು ಮತ್ತೆ ಸೆರೆಹಿಡಿಯುತ್ತದೆ. ಕಡಲ ತಳದಲ್ಲಿ ನಡೆದಿರುವುದೂ ಇದೇ. ನೀರಿನಿಂದ ಲಿಥಿಯಮ್ಮನ್ನು ಕಸಿದುಕೊಂಡದ್ದು ಜೇಡಿಮಣ್ಣು.

ಜೇಡಿಗೆ ಲಿಥಿಯಮ್ಮಿನ ಮೇಲೆ ಇಷ್ಟು ಪ್ರೀತಿಯೇಕೆ? ಸೋಡಿಯಮ್ಮಿನ ಮೇಲೆ ಏಕಿಲ್ಲ? ಇಲ್ಲಿ ಕುಲಕ್ಕಿಂತ ಗಾತ್ರವೇ ಮುಖ್ಯವಾಗುತ್ತದೆ. ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಭಾಗ ಮಾಡಿದರೆ ಒಂದು ಭಾಗಕ್ಕೆ ಆಂಗ್‌ಸ್ಟ್ರಾಂ ಎಂದು ಹೆಸರು. ಈ ಅಳತೆಯಲ್ಲಿ ಸೋಡಿಯಂ ಅಯಾನಿನ ತ್ರಿಜ್ಯವು 1.02, ಲಿಥಿಯಮ್ಮಿನದು 0.76, ಮೆಗ್ನೀಸಿಯಮ್ಮಿನದು 0.72. ಕುಲದಲ್ಲಿ ಸೋಡಿಯಮ್ಮಿನ ತಮ್ಮನಾದ ಲಿಥಿಯಂ, ಮೈಕಟ್ಟಿನಲ್ಲಿ ನೆರೆಮನೆಯ ಮೆಗ್ನೀಸಿಯಮ್ಮಿನ ಅವಳಿಯಂತಿದೆ. ಮೆಗ್ನೀಸಿಯಮ್ಮಿಗೆಂದು ಹೊಲಿಸಿದ ಅಂಗಿ ಲಿಥಿಯಮ್ಮಿಗೆ ಒಪ್ಪುತ್ತದೆ, ಸೋಡಿಯಮ್ಮಿಗೆ ಬಿಗಿಯಾಗುತ್ತದೆ.

ಇನ್ನು ಜೇಡಿಯ ರಚನೆಯನ್ನು ನೋಡೋಣ. ಯುಗಾದಿಯ ದಿನ ತಟ್ಟೆಯಲ್ಲಿ ಒಂದರ ಮೇಲೊಂದು ಒಟ್ಟಿದ ಹೋಳಿಗೆಗಳನ್ನು ನೆನೆಸಿಕೊಳ್ಳಿರಿ. ಪ್ರತಿಯೊಂದು ಹೋಳಿಗೆಯಲ್ಲಿಯೂ ಮೇಲೆ ಕೆಳಗೆ ಕಣಕ, ನಡುವೆ ಹೂರಣ. ಒಂದು ಹೋಳಿಗೆಗೂ ಮತ್ತೊಂದಕ್ಕೂ ನಡುವೆ ತುಪ್ಪ. ಲಿಥಿಯಮ್ಮನ್ನು ಹಿಡಿಯುವ ಜೇಡಿಯ ಕಣವೂ ಹೀಗೆಯೇ ಪದರ ಪದರವಾಗಿದೆ. ಸಿಲಿಕಾನ್ ಮತ್ತು ಆಮ್ಲಜನಕದ ಎರಡು ತೆಳುಹಾಳೆಗಳು ಕಣಕ. ಅವುಗಳ ನಡುವಿನ ಮೆಗ್ನೀಸಿಯಮ್ಮಿನ ಹಾಳೆಯೇ ಹೂರಣ. ಪದರಗಳ ಸಂದಿಯಲ್ಲಿ ತುಪ್ಪದಂತೆ ನೀರೂ ಸೋಡಿಯಮ್ಮೂ ಇರುತ್ತವೆ. ಸರೋವರದ ತಳದಲ್ಲಿ ಈ ಜೇಡಿ ಹುಟ್ಟುವಾಗ ಮೆಗ್ನೀಸಿಯಂ ಕುಳಿತುಕೊಳ್ಳಬೇಕಾದ ಕೆಲವು ಸ್ಥಾನಗಳಲ್ಲಿ ಲಿಥಿಯಂ ಕುಳಿತುಬಿಡುತ್ತದೆ. ಮೆಗ್ನೀಸಿಯಮ್ಮಿಗೆ ಎರಡು ಧನ ವಿದ್ಯುದಂಶಗಳಿದ್ದರೆ ಲಿಥಿಯಮ್ಮಿಗೆ ಒಂದೇ. ಆ ಒಂದರ ಕೊರತೆಯನ್ನು ತುಂಬಲು ಹೊರಗಿನ ಸಂದಿಯಲ್ಲಿ ಒಂದು ಸೋಡಿಯಂ ಬಂದು ನಿಲ್ಲುತ್ತದೆ.

ತುಪ್ಪವನ್ನು ತೊಳೆದರೆ ಹೋದೀತು, ಹೂರಣ ಹೋಗಲಾರದು. ಅಂತೆಯೇ ಮಳೆ ಬಂದು ಈ ಕೆಸರನ್ನು ತೊಳೆದರೆ ಸಂದಿಯಲ್ಲಿ ನಿಂತಿದ್ದ ಸೋಡಿಯಂ ನೀರಿನ ಜೊತೆ ಹೊರಟುಹೋಗುತ್ತದೆ. ಒಳಗೆ ಕುಳಿತ ಲಿಥಿಯಂ ಕದಲುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೆಕ್ಟರ್ ಎಂಬ ಸ್ಥಳದ ಬಳಿ ದೊರೆತ ಇಂಥದೊಂದು ಬಿಳಿಯ ಜೇಡಿಗೆ ಆ ಊರಿನ ಹೆಸರಿನಿಂದಲೇ ಹೆಕ್ಟರೈಟ್ ಎಂದು ಕರೆಯುತ್ತಾರೆ. ಅದರ ಹೂರಣದಲ್ಲಿ ಮೆಗ್ನೀಸಿಯಮ್ಮೂ ಲಿಥಿಯಮ್ಮೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ.

ಈಗ ಮರುಭೂಮಿಗೆ ಹೋಗೋಣ. ಅಮೆರಿಕದ ನೆವಾಡಾ ಮತ್ತು ಆರೆಗಾನ್ ಪ್ರಾಂತಗಳ ಗಡಿಯಲ್ಲಿ ಮೆಕ್‌ಡರ್ಮಿಟ್ ಎಂಬಲ್ಲಿ ಸುಮಾರು ಒಂದು ಕೋಟಿ ಅರವತ್ತು ಲಕ್ಷ ವರ್ಷಗಳ ಹಿಂದೆ ಜ್ವಾಲಾಮುಖಿಯೊಂದು ಸಿಡಿಯಿತು. ಒಡಲು ಬರಿದಾದ ಬೆಟ್ಟ ಕುಸಿದು ಮಹಾ ಬೋಗುಣಿಯಂಥ ತಗ್ಗಾಯಿತು. ನೀರು ಹೊರಗೆ ಹೋಗಲು ದಾರಿಯಿಲ್ಲದೆ ಆ ತಗ್ಗಿನಲ್ಲಿ ಸರೋವರವೊಂದು ನೆಲೆಸಿತು. ಲಿಥಿಯಂ ಬೆರೆತ ಬೂದಿ ಸುತ್ತಲಿನ ಇಳಿಜಾರಿನಿಂದಲೂ ಆಕಾಶದಿಂದಲೂ ಆ ಸರೋವರಕ್ಕೆ ಬಿದ್ದಿತು. ಜ್ವಾಲಾಮುಖಿಯ ಬೂದಿಯೆಂದರೆ ನಮ್ಮ ಒಲೆಯ ಬೂದಿಯಲ್ಲ; ಅದು ಗಾಜಿನ ಪುಡಿ. ಕ್ಷಾರಗುಣದ ನೀರಿನಲ್ಲಿ ಅದು ಬೇಗನೆ ಶಿಥಿಲವಾಗಿ ಅದರ ಸಿಲಿಕಾ ಕರಗುತ್ತದೆ. ನೀರಿನಲ್ಲಿರುವ ಮೆಗ್ನೀಸಿಯಮ್ಮಿನೊಡನೆ ಕೂಡಿ ಜೇಡಿಯಾಗಿ ಮರುಹುಟ್ಟು ಪಡೆಯುತ್ತದೆ. ಗಾಜಿನಿಂದ ಬಿಡುಗಡೆಯಾದ ಲಿಥಿಯಂ ಹೆಚ್ಚು ದೂರ ಪ್ರಯಾಣ ಮಾಡುವ ಮುನ್ನವೇ ಆ ಜೇಡಿಯ ಹೂರಣದಲ್ಲಿ ಸ್ಥಾನ ಪಡೆಯುತ್ತದೆ.

ತರುವಾಯ ನಡೆದದ್ದು ಕಾಲದ ಕೆಲಸ. ನೆಲವು ಮೇಲೆದ್ದಿತು, ಬೋಗುಣಿಯ ಅಂಚು ಒಡೆಯಿತು, ನೀರು ಹರಿದುಹೋಯಿತು. ಆ ನೀರಿನಲ್ಲಿ ಏನೇನು ಕರಗಿತ್ತೋ ಅದೆಲ್ಲವೂ ನೀರಿನ ಸಂಗಡವೇ ಹೋಯಿತು. ಇಂದು ಅಲ್ಲಿ ಸರೋವರವಿಲ್ಲ, ಉಪ್ಪುನೀರೂ ಇಲ್ಲ. ಲಿಥಿಯಮ್ಮನ್ನು ಹೊತ್ತ ಜೇಡಿಯ ದಪ್ಪಪದರಗಳು ಮಾತ್ರ ಉಳಿದಿವೆ. ಇಲ್ಲಿಗೆ ನಮ್ಮ ಪ್ರಶ್ನೆಗೆ ಉತ್ತರದ ಎರಡು ಕಾಲುಗಳು ದೊರೆತಂತಾಯಿತು. ಜೇಡಿಯು ನೀರಿನಿಂದ ಲಿಥಿಯಮ್ಮನ್ನು ಮೊದಲೇ ತೆಗೆದುಕೊಂಡಿತು, ಇದು ಒಂದು. ಜೇಡಿಯು ಹಿಡಿದದ್ದನ್ನು ಬಿಡಲಿಲ್ಲ, ನೀರಾದರೋ ಒಂದೆಡೆ ನಿಲ್ಲಲಿಲ್ಲ, ಇದು ಎರಡು.

ಹಾಗಾದರೆ ಅಟಕಾಮಾದ ನೀರಿನಲ್ಲಿ ಲಿಥಿಯಂ ಉಳಿದದ್ದು ಹೇಗೆಂದು ನೀವು ಕೇಳಬಹುದು. ಅಲ್ಲಿಯೂ ಸುತ್ತ ಜ್ವಾಲಾಮುಖಿಗಳಿವೆ. ಬಿಸಿನೀರಿನ ಬುಗ್ಗೆಗಳು ಲಿಥಿಯಮ್ಮನ್ನು ತಂದು ಸುರಿಯುತ್ತಲೇ ಇವೆ. ಶಿಲೆ ಬಿಸಿಯಾಗಿದ್ದಾಗ ಲಿಥಿಯಂ ಶಿಲೆಯನ್ನು ಬಿಟ್ಟು ನೀರನ್ನು ಸೇರುತ್ತದೆ. ತಣ್ಣಗಿರುವಲ್ಲಿ ಹೊಸ ಜೇಡಿಯನ್ನು ಸೇರಲು ನೋಡುತ್ತದೆ. ಆದರೆ ಅಟಕಾಮಾದ ಬಯಲಿನ ನಡುಭಾಗವು ಜೇಡಿಯಿಂದಲ್ಲ, ಗಟ್ಟಿಯಾದ ಊಟದ ಉಪ್ಪಿನಿಂದ ತುಂಬಿದೆ. ಉಪ್ಪಿನ ಹರಳಿನಲ್ಲಿ ಲಿಥಿಯಮ್ಮಿಗೆ ಒಪ್ಪುವ ಸ್ಥಾನವಿಲ್ಲ. ಅಲ್ಲಿನ ನೀರಿನಲ್ಲಿ ಕ್ಷಾರಗುಣವೂ ಕಡಿಮೆ. ಆದಕಾರಣ ಮೆಗ್ನೀಸಿಯಮ್ಮಿನ ಜೇಡಿ ಅಲ್ಲಿ ಹೇರಳವಾಗಿ ಹುಟ್ಟಲಿಲ್ಲ. ಮೆಗ್ನೀಸಿಯಮ್ಮೂ ನೀರಿನಲ್ಲಿಯೇ ಉಳಿಯಿತು, ಲಿಥಿಯಮ್ಮೂ ಉಳಿಯಿತು. ಮಳೆಯೆಂಬುದು ಅಪರೂಪ, ತಗ್ಗಿಗೆ ಹೊರದಾರಿಯಿಲ್ಲ, ನೀರು ಆವಿಯಾಗುತ್ತ ಲಿಥಿಯಂ ಸಾಂದ್ರವಾಗುತ್ತ ಹೋಯಿತು.

ಇವೆರಡರ ನಡುವಿನ ಉದಾಹರಣೆಯೂ ಉಂಟು. ನೆವಾಡಾದ ಕ್ಲೇಟನ್ ಕಣಿವೆಯಲ್ಲಿ 1960ರ ದಶಕದಿಂದ ನೆಲದಡಿಯ ಉಪ್ಪುನೀರಿನಿಂದ ಲಿಥಿಯಂ ತೆಗೆಯುತ್ತಿದ್ದಾರೆ. ಅದೇ ಕಣಿವೆಯ ಜೇಡಿಗಲ್ಲುಗಳಲ್ಲಿಯೂ ಲಿಥಿಯಂ ಇದೆ. ಬೋಗುಣಿ ಒಡೆಯದೆ, ನೀರೂ ಉಳಿದು, ಜೇಡಿಯೂ ಹುಟ್ಟಿದಲ್ಲಿ ಇಬ್ಬರೂ ಪಾಲು ಹಂಚಿಕೊಳ್ಳುತ್ತಾರೆಂದು ಇದರಿಂದ ತಿಳಿಯುತ್ತದೆ. ಒಟ್ಟಿನಲ್ಲಿ ನೆನಪಿಡಬೇಕಾದ ಸೂತ್ರವಿದು: ಮೆಗ್ನೀಸಿಯಂ ಎಲ್ಲಿಗೆ ಹೋಯಿತೆಂದು ಕೇಳಿರಿ. ಅದು ನೀರಿನಲ್ಲಿ ಉಳಿದಿದ್ದರೆ ಸಾಮಾನ್ಯವಾಗಿ ಲಿಥಿಯಮ್ಮೂ ನೀರಿನಲ್ಲಿದ್ದೀತು. ಅದು ಜೇಡಿಯನ್ನು ಸೇರಿದ್ದರೆ ಲಿಥಿಯಮ್ಮೂ ಅದರ ಹಿಂದೆಯೇ ಹೋಗಿದ್ದೀತು.

ನಮ್ಮ ಸಾಂಭರದ ವಿಷಯಕ್ಕೆ ಬರೋಣ. ಯಮುನೆಯನ್ನು ದಾಟಿ ಪಶ್ಚಿಮಕ್ಕೆ ಹೋದರೆ ದೆಹಲಿಯ ನಡುವೆ ಕಲ್ಲಿನ ದಿಣ್ಣೆಯೊಂದು ಎದುರಾಗುತ್ತದೆ. ಇದು ಅರಾವಳಿ ಬೆಟ್ಟಸಾಲಿನ ಬಾಲ. ಆ ಸಾಲಿನ ಜಾಡನ್ನು ಹಿಡಿದು ನೈಋತ್ಯಕ್ಕೆ ಸಾಗಿದರೆ ಜಯಪುರದ ಆಚೆ ಸಾಂಭರ ಸರೋವರ ಸಿಗುತ್ತದೆ. ಮಳೆಗಾಲದಲ್ಲಿ ಇನ್ನೂರು ಚದರ ಕಿಲೋಮೀಟರಿನ ಆಚೀಚೆ ಹರಡುವ ಈ ಸರೋವರಕ್ಕೆ ಶಾಕಂಭರೀ ದೇವಿಯ ಹೆಸರು. ನಮ್ಮ ಬಾದಾಮಿಯ ಬನಶಂಕರಿಗೂ ಶಾಕಂಭರಿಯೆಂಬ ಹೆಸರುಂಟೆಂದು ನೆನೆದಾಗ ದೂರದ ಊರೂ ಹತ್ತಿರವಾದಂತೆ ತೋರುತ್ತದೆ. ಒಂದು ಚಳಿಗಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಫುಲೇರಾದ ದಾರಿಯಾಗಿ ನಾವು ಅಲ್ಲಿಗೆ ಹೋಗಿದ್ದೆವು.

ಬೆಳ್ಳಗೆ ಕಣ್ಣು ಕೋರೈಸುವ ಉಪ್ಪು, ನಸುಗೆಂಪು ನೀರು, ದೂರದಲ್ಲಿ ಒಂಟಿಕಾಲಿನ ಮೇಲೆ ನಿಂತ ರಾಜಹಂಸಗಳು ಎಲ್ಲರ ಕಣ್ಣನ್ನೂ ಸೆಳೆದವು. ಉಪ್ಪು ಬಾಚುತ್ತಿದ್ದ ಮುದುಕಿಯೊಬ್ಬಳು ಮಕ್ಕಳ ಗದ್ದಲವನ್ನು ಕಂಡು, ಕೆಲಸ ನಿಲ್ಲಿಸಿ, ಸಲಿಕೆಯಿಂದ ಉಪ್ಪಿನ ಪದರವನ್ನು ಸರಿಸಿದಳು. ಕೆಳಗೆ ಕಪ್ಪು ಕೆಸರು. ಮೂಗಿಗೆ ಬಡಿಯುವ ನಾತ. "ಇದು ನಮ್ಮ ಮುತ್ತಜ್ಜಿಯ ಕಾಲದ್ದು ಮಗಳೇ. ನೀರು ವರ್ಷ ವರ್ಷ ಬಂದು ಹೋಗುತ್ತದೆ" ಎಂದಳು. ಹತ್ತನೆಯ ತರಗತಿಯ ನಮ್ಮ ಹುಡುಗಿ ಆ ಕೆಸರನ್ನು ಅಂಗೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡುತ್ತ ನಿಂತಳು.

ಸಾಂಭರದ ನೀರು ಕ್ಷಾರಗುಣವುಳ್ಳದ್ದು. ಸೋಡಿಯಮ್ಮಿನ ಲವಣಗಳು ಅದರಲ್ಲಿ ತುಂಬಿವೆ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬಹು ಅಲ್ಪ. ಈ ಎರಡೂ ನೀರನ್ನು ತೊರೆದು ತಳದ ಹೂಳಿನಲ್ಲಿ ಖನಿಜಗಳಾಗಿ ಕೂತಿವೆ. ನಮ್ಮ ಸೂತ್ರದ ಪ್ರಕಾರ ಇದು ಗಮನಿಸಬೇಕಾದ ಚಿಹ್ನೆ. ಮೆಗ್ನೀಸಿಯಂ ತೊರೆದ ನೀರಿನಲ್ಲಿ ಲಿಥಿಯಮ್ಮಿಗಾಗಿ ಜಾಲಾಡುವವರು ತಳದ ಕೆಸರನ್ನೂ ಮಾತನಾಡಿಸಬೇಕು. ಆದರೆ ಆಸೆಯನ್ನು ಹದದಲ್ಲಿಟ್ಟುಕೊಳ್ಳಲು ಕಾರಣಗಳೂ ಇವೆ. ಮೆಕ್‌ಡರ್ಮಿಟ್‌ನಂತೆ ಇಲ್ಲಿ ಸರೋವರದ ಮೇಲೆ ಜ್ವಾಲಾಮುಖಿಯ ಬೂದಿ ಸುರಿಯಲಿಲ್ಲ. ಸುತ್ತಲಿರುವುದು ಅರಾವಳಿಯ ಪುರಾತನ ಶಿಲೆ. ಮತ್ತೊಂದು ಮಾತು: 1909ರಲ್ಲಿ ಹಾಲೆಂಡ್ ಮತ್ತು ಕ್ರಿಸ್ಟಿ ಎಂಬ ವಿದ್ವಾಂಸರು ರಾಜಪುತಾನದ ಉಪ್ಪು ಕಚ್ಛದ ರಣದಿಂದ ಗಾಳಿಯಲ್ಲಿ ತೇಲಿಬಂದ ಕಡಲ ಉಪ್ಪೆಂದು ವಾದಿಸಿದರು. ಈಚಿನ ಸಂಶೋಧಕರು ಸುತ್ತಲಿನ ಶಿಲೆಗಳು ಸವೆದು ಕರಗಿದುದೇ ಮುಖ್ಯ ಮೂಲವೆಂದು ತೋರಿಸಿದ್ದಾರೆ. ಈ ಭೇದ ನಮಗೆ ಮುಖ್ಯ. ಕಡಲ ಉಪ್ಪಾಗಿದ್ದರೆ ಅದು ಲಿಥಿಯಮ್ಮನ್ನು ಆಗಲೇ ಕಡಲ ತಳದ ಜೇಡಿಗೆ ಒಪ್ಪಿಸಿ ಬಂದ ಬಡ ಉಪ್ಪು. ಶಿಲೆಯಿಂದ ಬಂದುದಾದರೆ ಶಿಲೆಯಲ್ಲಿದ್ದ ಅಲ್ಪ ಲಿಥಿಯಮ್ಮೂ ಸಂಗಡ ಬಂದಿರುತ್ತದೆ.

ನೀರಿನಲ್ಲಿದ್ದರೇನು, ಕೆಸರಿನಲ್ಲಿದ್ದರೇನು, ಲಿಥಿಯಂ ಲಿಥಿಯಮ್ಮೇ ಅಲ್ಲವೇ ಎಂದು ಕೇಳುವವರೂ ಉಂಟು. ಈ ಮಾತಿನಲ್ಲಿಯೇ ಎಲ್ಲ ಅಪಾಯವೂ ಅಡಗಿದೆ. ನೀರಿನಲ್ಲಿದ್ದರೆ ನೀರನ್ನು ಎತ್ತಬೇಕು. ಬಿಸಿಲು ಅರ್ಧ ಕೆ‌ಲಸವನ್ನು ಮಾಡಿಕೊಡುತ್ತದೆ. ನಷ್ಟವಾಗುವುದು ಮರುಭೂಮಿಯ ನೀರು. ಜೇಡಿಯಲ್ಲಿದ್ದರೆ ನೆಲವನ್ನೇ ಅಗೆಯಬೇಕು. ಹೋಳಿಗೆಯನ್ನು ಮುರಿಯದೆ ಹೂರಣ ಬಾರದು. ಜೇಡಿಯನ್ನು ಮುರಿಯಲು ಗಂಧಕಾಮ್ಲದಲ್ಲಿ ನೆನೆಸಬೇಕು, ಇಲ್ಲವೇ ಬೆಂಕಿಯಲ್ಲಿ ಹುರಿಯಬೇಕು. ಮೆಕ್‌ಡರ್ಮಿಟ್ ತಗ್ಗಿನ ದಕ್ಷಿಣದಂಚಿನ ಥ್ಯಾಕರ್ ಪಾಸ್ ಎಂಬಲ್ಲಿ 2023ರಲ್ಲಿ ಆರಂಭವಾದ ಗಣಿಯ ಯೋಜನೆಯು ಗಂಧಕಾಮ್ಲದ ದಾರಿಯನ್ನೇ ಹಿಡಿದಿದೆ. ಅದೇ 2023ರ ಫೆಬ್ರವರಿಯಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಜಮ್ಮು ಪ್ರಾಂತದ ರಿಯಾಸಿ ಜಿಲ್ಲೆಯ ಸಲಾಲ್–ಹೈಮಾನಾದಲ್ಲಿ 59 ಲಕ್ಷ ಟನ್ ಲಿಥಿಯಂ ಅದಿರಿನ ಅಂದಾಜನ್ನು ಪ್ರಕಟಿಸಿದಾಗ ದೇಶವೇ ಸಂಭ್ರಮಿಸಿತು. ಅಲ್ಲಿಯೂ ಲಿಥಿಯಂ ಇರುವುದು ಬಾಕ್ಸೈಟಿನ ಜೊತೆಯ ಜೇಡಿಯಂಥ ಪದರಗಳಲ್ಲಿ. 59 ಲಕ್ಷ ಟನ್ನೆಂಬುದು ಅದಿರಿನ ತೂಕವೇ ಹೊರತು ಲೋಹದ ತೂಕವಲ್ಲ. ಗಣಿ ಹಕ್ಕಿನ ಹರಾಜಿಗೆ ಸಾಕಷ್ಟು ಮಂದಿ ಮುಂದೆ ಬರದೆ 2024ರಲ್ಲಿ ಅದನ್ನು ರದ್ದುಪಡಿಸಬೇಕಾಯಿತು. ಅದೇ ವರ್ಷದ ಜನವರಿಯಲ್ಲಿ ನಮ್ಮ ದೇಶದ ಸರ್ಕಾರಿ ಸಂಸ್ಥೆಯಾದ ಕಾಬಿಲ್, ಅರ್ಜೆಂಟೀನಾದ ಕಾಟಮಾರ್ಕಾ ಪ್ರಾಂತದಲ್ಲಿ ಉಪ್ಪುನೀರಿನ ಐದು ಶೋಧಕ್ಷೇತ್ರಗಳಿಗೆ ಒಪ್ಪಂದ ಮಾಡಿಕೊಂಡಿತು.

ಸಾಂಭರವು 1990ರಿಂದ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿದ ಜೌಗುಭೂಮಿ. 2019ರ ನವೆಂಬರಿನಲ್ಲಿ ಅಲ್ಲಿ ರೋಗಕ್ಕೆ ಸಿಕ್ಕಿ ಸುಮಾರು ಹದಿನೆಂಟು ಸಾವಿರ ಹಕ್ಕಿಗಳು ಸತ್ತವು. ಅಂಥ ಸರೋವರದ ನೀರನ್ನು ಎತ್ತುವುದು ಒಂದು ಬಗೆಯ ಪೆಟ್ಟು. ತಳವನ್ನು ಅಗೆಯುವುದು ಮತ್ತೊಂದು ಬಗೆಯ ಪೆಟ್ಟು. ಮುದುಕಿಯ ಉಪ್ಪಿನ ಮಡಿಗೆ ಈ ಎರಡೂ ಒಂದೇ ಅಲ್ಲ. ನೀರು ಮುಂದಿನ ಮಳೆಗೆ ಬಂದೀತು. ಅವಳ ಮುತ್ತಜ್ಜಿಯ ಕಾಲದ ಕೆಸರು ಒಮ್ಮೆ ಹೋದರೆ ಬಾರದು. ಆದಕಾರಣ ಲಿಥಿಯಂ ಯಾವ ಮನೆಯಲ್ಲಿ ಕುಳಿತಿದೆ ಎಂಬ ಪ್ರಶ್ನೆಯನ್ನು ಮೊದಲು ಕೇಳಿ, ಲಾಭನಷ್ಟಗಳ ಲೆಕ್ಕವನ್ನು ಆಮೇಲೆ ಹಾಕಬೇಕು.

ಲಿಥಿಯಮ್ಮಿಗೆ ನಾಲ್ಕನೆಯದೊಂದು ಮನೆಯೂ ಉಂಟು. ಅದು ನಮ್ಮ ನಿಮ್ಮ ಮೇಜಿನ ಖಾನೆ. ಹಾಳಾದ ಮೊಬೈಲು, ಊದಿಕೊಂಡ ಪವರ್ ಬ್ಯಾಂಕು, ಕೆಟ್ಟ ಆಟಿಕೆಗಳಲ್ಲಿ, ಆಗಲೇ ಕಲ್ಲಿನಿಂದಲೋ ನೀರಿನಿಂದಲೋ ಬೇರ್ಪಡಿಸಿ ತಂದ ಲಿಥಿಯಂ ಸುಮ್ಮನೆ ಮಲಗಿದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅಂಥವನ್ನು ಹಿಂದಕ್ಕೆ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಅವನ್ನು ಮನೆಯ ಕಸದ ಬುಟ್ಟಿಗೆ ಎಸೆಯದೆ, ಎಂದೂ ಚುಚ್ಚದೆ, ಸಂಗ್ರಹ ಕೇಂದ್ರಕ್ಕೆ ಒಪ್ಪಿಸುವುದು ನಮ್ಮಿಂದ ಆಗುವ ಕೆಲಸ.

ವಿದ್ಯಾರ್ಥಿಮಿತ್ರರೇ, ಸಾಂಭರದ ಕೆಸರನ್ನೂ ಪಚಪದ್ರಾದ ಕೆಸರನ್ನೂ ಪದರ ಪದರವಾಗಿ ಪರೀಕ್ಷಿಸುವವರು ಮುಂದೆ ನಿಮ್ಮಲ್ಲಿಯೇ ಯಾರಾದರೂ ಆಗಬಹುದು. ಅಂದು ನಿಮ್ಮ ಕಣ್ಣೆದುರಿಗೆ ಬೆಳ್ಳಗಿನ ಉಪ್ಪು ಹೊಳೆಯುತ್ತಿರುತ್ತದೆ. ಅದನ್ನು ಸಲಿಕೆಯಿಂದ ಕೊಂಚ ಸರಿಸಿ, ಕೆಳಗಿನ ಕಪ್ಪು ಮಣ್ಣನ್ನು ಕೈಗೆತ್ತಿಕೊಂಡು, ಮೆಗ್ನೀಸಿಯಂ ಎಲ್ಲಿಗೆ ಹೋಯಿತೆಂದು ಮೊದಲು ಕೇಳಿರಿ. ಜೊತೆಯಲ್ಲಿ ಉಪ್ಪು ಬಾಚುವವಳ ಹೆಸರನ್ನೂ ಕೇಳಿ ಬರೆದಿಟ್ಟುಕೊಳ್ಳಿರಿ.